ಏಳು ಗ್ರೌಂಡ್, ಒಂದು ವಾರಾಂತ್ಯ: ಲಿಕ್ಟೆನ್‌ಸ್ಟೈನ್‌ನಲ್ಲಿ ನನ್ನ ಅನುಭವ

ಊರೂರಿನ ಫುಟ್‌ಬಾಲ್ ಗ್ರೌಂಡ್‌ಗಳಿಗೆ ಹೋಗಿ, ಅಲ್ಲಿ ಪೂರ್ತಿ ಪಂದ್ಯ ನೋಡಿ ಲೆಕ್ಕ ಇಡುವ ಗ್ರೌಂಡ್‌ಹಾಪಿಂಗ್ ನನ್ನ ಹುಚ್ಚು. ಕೊನೆಗೂ ಆಯ್ತು. ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ ನಡುವಿನ ಪುಟ್ಟ ದೇಶ ಲಿಕ್ಟೆನ್‌ಸ್ಟೈನ್‌ನ ಏಳು ಕ್ಲಬ್‌ಗಳ ಏಳು ಗ್ರೌಂಡ್, ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯೊಳಗೆ, ಕಾರಿಲ್ಲದೆ. ಪ್ರತಿ ಕಡೆ ದೊಡ್ಡವರ ಪಂದ್ಯ, ಮೊದಲ ವಿಸಿಲ್‌ನಿಂದ ಕೊನೆಯ ವಿಸಿಲ್‌ವರೆಗೆ. "ಆಗೋ ಮಾತಲ್ಲ ಮಾರಾಯ" ಎಂದಿದ್ದ ಗೆಳೆಯರಿಗೆ ಏಳೂ ಕಾರ್ನರ್ ಫ್ಲ್ಯಾಗ್‌ಗಳ ಫೋಟೊ ಕಳಿಸಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.

ಅವರ ವಾದದಲ್ಲಿ ತಪ್ಪೇನೂ ಇರಲಿಲ್ಲ. ಈ ದೇಶಕ್ಕೆ ತನ್ನದೇ ಲೀಗ್ ಇಲ್ಲ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎಯ ಸದಸ್ಯ ದೇಶಗಳಲ್ಲಿ ಹೀಗಿರುವುದು ಇದೊಂದೇ. ಏಳು ಕ್ಲಬ್‌ಗಳೂ ಸ್ವಿಸ್ ಲೀಗಿನ ಬೇರೆ ಬೇರೆ ಮೆಟ್ಟಿಲುಗಳಲ್ಲಿ ಹರಡಿಕೊಂಡು ಆಡುತ್ತವೆ. ಏಳಕ್ಕೆ ಏಳೂ ಒಂದೇ ವಾರ ತವರಲ್ಲಿ ಆಡುವುದು ಆಗದ ಮಾತು. ಸಾಮಾನ್ಯವಾಗಿ ಅರ್ಧ ತಂಡಗಳು ಹೊರಗೆ ಹೋಗಿರುತ್ತವೆ. ನಾನೂ ಮೊದಲು ಹಾಗೇ ಲೆಕ್ಕ ಹಾಕಿ ಕೈ ಚೆಲ್ಲಿದ್ದೆ.

ಆಮೇಲೆ ತಲೆಗೆ ಹೊಳೆದಿದ್ದು ಇಷ್ಟು. ನಾನು ನೋಡಬೇಕಾಗಿರುವುದು ತಂಡವನ್ನಲ್ಲ, ಗ್ರೌಂಡನ್ನು. ಮೊದಲ ತಂಡ ಹೊರಗೆ ಹೋದ ದಿನ ಅದೇ ಹುಲ್ಲಿನ ಮೇಲೆ ಎರಡನೇ ತಂಡ ಆಡುತ್ತದೆ. ಅದೂ ಇಲ್ಲದಿದ್ದರೆ ಸೀನಿಯರ್ಸ್, ಅಂದರೆ ವಯಸ್ಸು ದಾಟಿದ ಆಟಗಾರರ ತಂಡ ಇರುತ್ತದೆ, ಮಹಿಳೆಯರ ತಂಡ ಇರುತ್ತದೆ. ಅಂದಿನಿಂದ ಕ್ಲಬ್ಬಿನ ಫಿಕ್ಸ್‌ಚರ್ ನೋಡುವುದನ್ನೇ ಬಿಟ್ಟೆ. ಯಾವ ಗ್ರೌಂಡ್ ಎಷ್ಟು ಗಂಟೆಗೆ ಯಾರ ಹೆಸರಲ್ಲಿ ಬುಕ್ ಆಗಿದೆ ಅಂತ ನೋಡತೊಡಗಿದೆ. ಕಿಕ್‌ಆಫ್ ಬದಲಾದರೆ ಎಲ್ಲರಿಗಿಂತ ಮೊದಲು ತಿಳಿಯಲು ಒಂದು ದಾರಿ ಇದೆ. ಅದು ಮಾತ್ರ ನನ್ನ ಹತ್ತಿರವೇ ಇರಲಿ.

ಹಾಗಂತ ಮೊದಲ ಸಲಕ್ಕೇ ಆಗಲಿಲ್ಲ. ಮೂರು ಸಲ ಸೋತೆ.

ಮೊದಲ ಸಲ ಅಕ್ಟೋಬರ್. ಎರಡು ದಿನ ಬಿಡದೆ ಮಳೆ. ಒಂದು ಕಡೆ ಮುಖ್ಯ ಮೈದಾನಕ್ಕೆ ಬೀಗ ಹಾಕಿ ಪಂದ್ಯವನ್ನು ಪಕ್ಕದ ಕೃತಕ ಹುಲ್ಲಿಗೆ ಎತ್ತಿ ಹಾಕಿದರು. ಪಕ್ಕದ ಪಿಚ್ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಜಗಳ ನಮ್ಮ ಹಾಪರ್‌ಗಳಲ್ಲಿ ಇದ್ದೇ ಇದೆ. ನನ್ನ ಪುಸ್ತಕದಲ್ಲಿ ಬರುವುದಿಲ್ಲ. ಇನ್ನೊಂದು ಪಂದ್ಯ ರದ್ದೇ ಆಯಿತು. ಏಳರಲ್ಲಿ ನಾಲ್ಕು.

ಎರಡನೇ ಸಲ ಬಸ್ ನಂಬಿ ಕೆಟ್ಟೆ. ಕಣಿವೆಯಲ್ಲಿ ಬಸ್‌ಗಳಿಗೆ ಕೊರತೆಯಿಲ್ಲ. ಸ್ವಿಟ್ಜರ್‌ಲೆಂಡಿನ ಸಾರ್ಗಾನ್ಸ್‌ನಿಂದ ರಾಜಧಾನಿ ವಾಡುಜ್, ಶಾನ್ ದಾಟಿ ಆಸ್ಟ್ರಿಯಾದ ಫೆಲ್ಡ್‌ಕಿರ್ಖ್‌ವರೆಗೆ ಹೋಗುವ 11ನೇ ನಂಬರ್ ಹಿಡಿದರೆ ಅರ್ಧ ದೇಶ ಮುಗಿದಂತೆ. ಆದರೆ ಟ್ರೀಸನ್‌ಬರ್ಗ್ ಬೆಟ್ಟದ ಮೇಲಿದೆ. ಭಾನುವಾರ ಅಲ್ಲಿಗೆ ಹತ್ತುವ ಬಸ್ ಕಣ್ಣೆದುರೇ ಹೊರಟುಹೋಯಿತು. ನಡೆದೇ ಹೋಗುತ್ತೇನೆ ಅಂತ ಹುಂಬತನ ಮಾಡಿದೆ. ಸುಮಾರು 400 ಮೀಟರ್ ಏರಬೇಕು. ಬೆವರು ಸುರಿಸಿಕೊಂಡು ಮೇಲೆ ಮುಟ್ಟಿದಾಗ ಹಾಫ್‌ಟೈಮ್ ಆಗಿತ್ತು. ಅವತ್ತು ಐದು.

ಮೂರನೇ ಸಲ ಸೈಕಲ್ ತಂದೆ, ಮಾಮೂಲಿ ಸೈಕಲ್. ಲೆಕ್ಕ ಸರಿಯಾಗಿಯೇ ಇತ್ತು. ದೇಶದ ಉದ್ದ 25 ಕಿಲೋಮೀಟರ್ ಆಸುಪಾಸು. ಬೆಟ್ಟದ ಒಂದನ್ನು ಬಿಟ್ಟರೆ ಉಳಿದವೆಲ್ಲ ಕೆಳಗೆ ಕಣಿವೆಯಲ್ಲಿ. ರೈನ್ ನದಿಯ ಒಡ್ಡಿನ ಮೇಲೆ ಟೇಬಲ್ ಥರ ಸಮತಟ್ಟಾದ ದಾರಿ. ಆದರೆ ಫ್ಯೋನ್ ಗಾಳಿಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಲ್ಪ್ಸ್ ದಾಟಿ ದಕ್ಷಿಣದಿಂದ ಬೀಸುವ ಬಿಸಿ ಗಾಳಿ ಅದು. ಭಾನುವಾರ ಬೆಳಿಗ್ಗೆ ಶಾನ್‌ನಿಂದ ಬಾಲ್ಸರ್ಸ್‌ಗೆ, ಅಂದರೆ ನೇರ ದಕ್ಷಿಣಕ್ಕೆ, ಹನ್ನೆರಡು–ಹದಿಮೂರು ಕಿಲೋಮೀಟರ್ ತುಳಿಯಬೇಕಿತ್ತು. ಗಾಳಿ ಎದೆಗೆ ಕೈ ಕೊಟ್ಟು ಹಿಂದಕ್ಕೆ ತಳ್ಳುತ್ತಿತ್ತು. ಮುಕ್ಕಾಲು ಗಂಟೆಯ ದಾರಿಗೆ ಒಂದೂಕಾಲು ಗಂಟೆ ಹಿಡಿಯಿತು. ಬಾಲ್ಸರ್ಸ್‌ನ ಗುಟೆನ್‌ಬರ್ಗ್ ಕೋಟೆ ದೂರದಲ್ಲಿ ಕಾಣುತ್ತದೆ, ಎಷ್ಟು ತುಳಿದರೂ ಹತ್ತಿರವೇ ಬರುವುದಿಲ್ಲ. ಗ್ರೌಂಡ್ ತಲುಪಿದಾಗ ಆಟ ಶುರುವಾಗಿ ಕಾಲು ಗಂಟೆ, ಸ್ಕೋರ್ 1–1. ಆರಕ್ಕೆ ನಿಂತಿತು. ಆ ಹದಿನೈದು ನಿಮಿಷ ಒಂದು ಚಳಿಗಾಲವಿಡೀ ನನ್ನನ್ನು ಕಾಡಿತು.

ಆ ಚಳಿಗಾಲದಲ್ಲೂ ಸುಮ್ನೆ ಕೂತಿರಲಿಲ್ಲ. ನವೆಂಬರ್ ಮಧ್ಯದಿಂದ ಮಾರ್ಚ್‌ವರೆಗೆ ಕೆಳಗಿನ ಲೀಗ್‌ಗಳು ಮಲಗಿರುತ್ತವೆ. ನವೆಂಬರ್ 18, 2024ರಂದು ವಾಡುಜ್‌ನ ರೈನ್‌ಪಾರ್ಕ್ ಸ್ಟೇಡಿಯಮ್‌ನಲ್ಲಿ ಸ್ಯಾನ್ ಮರೀನೋ ಜೊತೆ ನೇಷನ್ಸ್ ಲೀಗ್ ಪಂದ್ಯವಿತ್ತು. ರೈನ್‌ಪಾರ್ಕ್ ಆಗಲೇ ನನ್ನ ಪಟ್ಟಿಯಲ್ಲಿತ್ತು, ಹೊಸದಾಗಿ ಸಿಗುವುದೇನೂ ಇರಲಿಲ್ಲ. ಆದರೂ ಹೋದೆ. ಲಿಕ್ಟೆನ್‌ಸ್ಟೈನ್ ಮೊದಲು ಗೋಲು ಹೊಡೆಯಿತು. ಆಮೇಲೆ ಮೂರು ತಿಂದಿತು. ಸ್ಯಾನ್ ಮರೀನೋ ತನ್ನ ಇತಿಹಾಸದಲ್ಲಿ ಹೊರಗಿನ ನೆಲದಲ್ಲಿ ಗೆದ್ದದ್ದು ಅದೇ ಮೊದಲು. ಪಕ್ಕದಲ್ಲಿ ಕೂತಿದ್ದ ಅಜ್ಜ ಒಂದು ಮಾತೂ ಆಡದೆ ತನ್ನ ಥರ್ಮಸ್‌ನಿಂದ ನನಗೂ ಚಹಾ ಬಗ್ಗಿಸಿ ಕೊಟ್ಟರು.

ಇದೇ ದೇಶದ ಎಫ್‌ಸಿ ವಾಡುಜ್ 2022ರಲ್ಲಿ, ಸ್ವಿಸ್ ಎರಡನೇ ದರ್ಜೆಯಲ್ಲಿ ಆಡುತ್ತಲೇ, ವಿಯೆನ್ನಾದಲ್ಲಿ ರಾಪಿಡ್ ತಂಡವನ್ನು ಸೋಲಿಸಿ ಯುರೋಪಿನ ಕ್ಲಬ್ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನ ಗುಂಪು ಹಂತ ಮುಟ್ಟಿತ್ತು. ಒಂದು ದಿನ ಹಾಗೆ, ಒಂದು ದಿನ ಹೀಗೆ. ಈ ದೇಶದ ಫುಟ್‌ಬಾಲ್ ಹುಚ್ಚು ಹಿಡಿಸುವುದೇ ಇದಕ್ಕೆ.

ನಾಲ್ಕನೇ ಸಲಕ್ಕೆ ಬರುತ್ತೇನೆ. ಮೇ ತಿಂಗಳು. ಶುಕ್ರವಾರ ಆಫೀಸಿನಿಂದ ಬೇಗ ಕಳಚಿಕೊಂಡೆ. ಜ್ಯೂರಿಕ್‌ನಿಂದ ಸಾರ್ಗಾನ್ಸ್‌ಗೆ ರೈಲು, ಅಲ್ಲಿಂದ 11ನೇ ನಂಬರ್. ಏಳೂವರೆಗೆ ರೈನ್‌ಪಾರ್ಕ್‌ನಲ್ಲಿ ವಾಡುಜ್ ಪಂದ್ಯ. ಮೇಲೆ ಬಂಡೆಯಂಚಿನಲ್ಲಿ ರಾಜರ ಕೋಟೆಗೆ ದೀಪ ಹತ್ತಿತ್ತು. ಆಟ ಸಪ್ಪೆ. ಒಂದಾಯ್ತು.

ಶನಿವಾರ ಬೆಳಿಗ್ಗೆ ಶಾನ್‌ನಿಂದ ರೈನ್ ಸೇತುವೆ ದಾಟಿ ಸ್ವಿಸ್ ಊರಾದ ಬುಕ್ಸ್‌ನಲ್ಲಿ ಇ-ಬೈಕ್ ಬಾಡಿಗೆಗೆ ಹಿಡಿದೆ. ಒಂದೂವರೆಗೆ ಶಾನ್‌ನ ರೈನ್‌ವೀಸೆಯಲ್ಲಿ ಎರಡನೇ ತಂಡ. ನೋಡಲು ಬಂದವರು ಮೂವತ್ತೈದು ಜನ, ಮೂರು ನಾಯಿ. ಮುಗಿದ ಕೂಡಲೇ ಎಶೆನ್‌ಗೆ. ನಾಲ್ಕಕ್ಕೆ ಎಶೆನ್/ಮೌರೆನ್ ಮೊದಲ ತಂಡ. 2012ರಲ್ಲಿ ವಾಡುಜ್ ಕೈಯಿಂದ ಲಿಕ್ಟೆನ್‌ಸ್ಟೈನ್ ಕಪ್ ಕಿತ್ತುಕೊಂಡವರು ಇವರೇ, ಆ ಗತ್ತು ಈಗಲೂ ಇದೆ. ಆರೂವರೆಗೆ ರುಗೆಲ್‌ನ ವಿಡಾವ್. ಅಲ್ಲಿ ಸಂಜೆ ಬಿಸಿಲು, ಕತ್ತರಿಸಿದ ಹುಲ್ಲಿನ ವಾಸನೆ, 4–3 ಸ್ಕೋರ್. ಮೂರೂ ದಿನದಲ್ಲಿ ಒಳ್ಳೇ ಆಟ ಅದೊಂದೇ.

ನಾನು ಕುಂದಾಪುರದವನು. ಲಿಕ್ಟೆನ್‌ಸ್ಟೈನ್ ಜನ ಎದುರಿಗೆ ಸಿಕ್ಕರೆ "ಹೋಯ್" ಅನ್ನುತ್ತಾರೆ. ಗೇಟಿನಲ್ಲಿ ದುಡ್ಡು ತಗೊಳ್ಳುವವನೂ ಹೋಯ್, ಲೈನ್ಸ್‌ಮನ್ನೂ ಹೋಯ್. ಮೊದಲ ಸಲ ಕೇಳಿದಾಗ ನಮ್ಮೂರಿನವರು ಯಾರಪ್ಪ ಕರೆದದ್ದು ಅಂತ ತಿರುಗಿ ನೋಡಿದ್ದೆ. ಈಗ ನಾನು "ಹ್ವಾಯ್" ಅಂತಲೇ ತಿರುಗಿ ಹೇಳುತ್ತೇನೆ. ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ಊಟದ್ದೊಂದು ಪ್ರಯೋಗ. ಮಾಂಸ ತಿನ್ನದವನಿಗೆ ಗ್ರೌಂಡ್ ಕ್ಯಾಂಟೀನಿನಲ್ಲಿ ಕರಿದ ಆಲೂಗಡ್ಡೆ ಬಿಟ್ಟರೆ ಗತಿ ಇಲ್ಲ, ಅದಕ್ಕೂ ಆರೇಳು ಫ್ರಾಂಕ್. ಮೂರನೇ ಸಲ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸಿತು. ಈ ಸಲ ಚಪಾತಿ, ಚಟ್ನಿಪುಡಿ. ಭಾನುವಾರ ಸಂಜೆವರೆಗೂ ಏನೂ ಆಗಲಿಲ್ಲ.

ಭಾನುವಾರ ಹತ್ತೂವರೆಗೆ ಬಾಲ್ಸರ್ಸ್‌ನ ರೈನಾವ್. ಫ್ಯೋನ್ ಈ ಸಲವೂ ಇತ್ತು. ಇರಲಿ, ಮೋಟರ್ ಇದೆಯಲ್ಲ! ಕಿಕ್‌ಆಫ್‌ಗೆ ಇಪ್ಪತ್ತು ನಿಮಿಷ ಮೊದಲೇ ಹಾಜರ್. ಒಂದಕ್ಕೆ ಟ್ರೀಸನ್‌ನ ಬ್ಲೂಮೆನಾವ್. ಅಲ್ಲಿ ರೆಫರಿ ತಡವಾಗಿ ಬಂದ ಕಾರಣ ಆಟ ಹನ್ನೆರಡು ನಿಮಿಷ ತಡ. ನನ್ನ ಎದೆ ಡವಡವ. ಬ್ಯಾಟರಿ ಶೇಕಡಾ 40ಕ್ಕೆ ಇಳಿದಿತ್ತು, ಬೆಟ್ಟಕ್ಕೆ ಅದು ಸಾಲದು. ಆ ತೊಂಬತ್ತು ನಿಮಿಷದಲ್ಲಿ ಅದು 70ರ ಮೇಲೆ ಹೇಗೆ ಏರಿತು, ಎಲ್ಲಿ ಏರಿತು ಎಂದು ಮಾತ್ರ ಕೇಳಬೇಡಿ. ಉಪಕಾರ ಮಾಡಿದವರಿಗೆ ತೊಂದರೆಯಾಗುತ್ತದೆ.

ಬೆಟ್ಟವನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಮೊದಲ ಮೂರು ಸಲ ಅದನ್ನು ನಡುವೆ ತುರುಕಿ, ಹತ್ತಿ ಇಳಿಯುವ ಸಮಯವನ್ನೂ ಕಳೆದುಕೊಂಡಿದ್ದೆ. ಕೊನೆಗೆ ಇಟ್ಟರೆ ಹತ್ತುವ ಲೆಕ್ಕ ಮಾತ್ರ ಸಾಕು. ನಾಲ್ಕಕ್ಕೆ ಟ್ರೀಸನ್‌ಬರ್ಗ್‌ನ ಲೈಟಾವಿಸ್. ಏಳು ನಿಮಿಷ ಮೊದಲೇ ತಲುಪಿದೆ. ಮೈದಾನದ ಅಂಚಿನಿಂದ ಕೆಳಗೆ ಇಡೀ ರೈನ್ ಕಣಿವೆ ಕಾಣುತ್ತದೆ. ಬೆಳಿಗ್ಗೆಯಿಂದ ತುಳಿದ ದಾರಿ ದಾರದಷ್ಟು ತೆಳ್ಳಗೆ ಬಿದ್ದಿತ್ತು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಹಾಸ್ಟೆಲಿನಲ್ಲಿ ಎರಡು ರಾತ್ರಿ ನೂರರ ಹತ್ತಿರ. ರೈಲು ಬಸ್ ನಲವತ್ತು, ಅರ್ಧ ದರದ ಕಾರ್ಡ್ ಇದ್ದದ್ದಕ್ಕೆ ಅಷ್ಟೇ. ವಾಡುಜ್ ಟಿಕೆಟ್ ಇಪ್ಪತ್ತು ಚಿಲ್ಲರೆ, ಎಶೆನ್ ಹತ್ತು, ಉಳಿದ ಕಡೆ ಪುಕ್ಕಟೆ ಅಥವಾ ಡಬ್ಬಿಗೆ ಐದು ಹಾಕಿದ್ದು. ಬೈಕ್ ದಿನಕ್ಕೆ ಐವತ್ತು ಚಿಲ್ಲರೆ. ಒಟ್ಟು 350 ಫ್ರಾಂಕ್ ದಾಟಿತು. ಸೋತ ಮೂರು ಸಲದ್ದೂ ಸೇರಿಸಿದರೆ ಸಾವಿರ ಮೀರುತ್ತದೆ, ನಮ್ಮ ರೂಪಾಯಿಯಲ್ಲಿ ಲಕ್ಷದ ಮಾತು. "ಏಳು ಹುಲ್ಲುಗದ್ದೆ ನೋಡೋಕೆ ಇಷ್ಟು ದುಡ್ಡಾ?" ಅಂದಳು ನನ್ನವಳು. ಒಂದು ಬೆಟ್ಟದ ಮೇಲಿದೆ ಅಂದೆ. ಅದಕ್ಕೆ ಅವಳು ನಗಲಿಲ್ಲ.

ಎರಡನೇ ತಂಡದ ಪಂದ್ಯ ಲೆಕ್ಕಕ್ಕಿಲ್ಲ ಅಂತ ಒಬ್ಬ ಜರ್ಮನ್ ಹಾಪರ್ ಈಗಾಗಲೇ ತಕರಾರು ತೆಗೆದಿದ್ದಾನೆ. ಇದರ ಹೆಸರು ಗ್ರೌಂಡ್‌ಹಾಪಿಂಗ್, ಟೀಮ್‌ಹಾಪಿಂಗ್ ಅಲ್ಲವಲ್ಲ ಅಂತ ಬರೆದು ಕಳಿಸಿದೆ.

ಒಂದೇ ಒಂದು ಲೆಕ್ಕ ತಪ್ಪಿದ್ದು ಬೈಕಿನದು. ಭಾನುವಾರ ಸಂಜೆ ಬ್ರೇಕ್ ಕಿರುಗುಟ್ಟಿಸುತ್ತ ಬೆಟ್ಟ ಇಳಿದು ಬುಕ್ಸ್‌ಗೆ ಬಂದರೆ ಅಂಗಡಿಗೆ ಬಾಗಿಲು. ಸೋಮವಾರ ಆಫೀಸಿಗೆ ಹೊಟ್ಟೆನೋವು ಅಂತ ಮೆಸೇಜ್ ಹಾಕಿ, ಮತ್ತೊಂದು ದಿನದ ಬಾಡಿಗೆ ತೆತ್ತು, ಮಧ್ಯಾಹ್ನದ ರೈಲಿಗೆ ಜ್ಯೂರಿಕ್ ಸೇರಿದೆ.