ಮನೆಯಲ್ಲೇ ಮಾಡಿದ ವಾದ್ಯದ ಪಿಕಪ್‌ಗೆ ಅಗ್ಗದ ಪೀಜೋ ಬಿಲ್ಲೆ: ಹುಡುಕುವುದು, ಪರೀಕ್ಷಿಸುವುದು, ಬಳಸುವುದು

ಏಕತಾರಿಗೋ, ತೆಂಗಿನ ಚಿಪ್ಪು ಮತ್ತು ಬಿದಿರಿನಿಂದ ಮಾಡಿದ ತಂತಿವಾದ್ಯಕ್ಕೋ ಪಿಕಪ್ (ವಾದ್ಯದ ಕಂಪನವನ್ನು ವಿದ್ಯುತ್ತಾಗಿಸಿ ಆಂಪ್ಲಿಫೈಯರಿಗೆ ಕೊಡುವ ಸಾಧನ) ಅಳವಡಿಸಬೇಕೆಂದಿರುವವರು ಪೀಜೋ ಬಿಲ್ಲೆಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ. ಒತ್ತಡ ಬಿದ್ದಾಗ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ಅದೇ ಗುಣವುಳ್ಳ ಸೆರಾಮಿಕ್ ಪದರವನ್ನು ತೆಳುವಾದ ಹಿತ್ತಾಳೆ ಬಿಲ್ಲೆಗೆ ಅಂಟಿಸಿ, ಬೀಪ್ ಸದ್ದು ಮಾಡುವ ಸಾಮಾನುಗಳಿಗಾಗಿ ಇಂದು ಅಪಾರ ಸಂಖ್ಯೆಯಲ್ಲಿ ತಯಾರಿಸುತ್ತಾರೆ. ವಿದ್ಯುತ್ ಹರಿಸಿದರೆ ಸದ್ದು ಮಾಡುವ ಈ ಬಿಲ್ಲೆ, ಕಂಪನ ತಾಗಿದರೆ ವಿದ್ಯುತ್ ಕೊಡುತ್ತದೆ. ನಮಗೆ ಬೇಕಾದದ್ದು ಇಷ್ಟೇ.

ಹುಡುಕಾಟವನ್ನು ಮನೆಯ ಅಟ್ಟದಿಂದಲೇ ಆರಂಭಿಸಬಹುದು. ಕೆಟ್ಟುಹೋದ ಅಲಾರಂ ಗಡಿಯಾರ, ತೆರೆದಾಗ ಹಾಡುವ ಶುಭಾಶಯ ಪತ್ರ, ಸದ್ದು ಮಾಡುವ ಆಟಿಕೆ, ಗುಂಡಿ ಒತ್ತುವ ಹಳೆಯ ಸ್ಥಿರ ದೂರವಾಣಿ, ಇವುಗಳಲ್ಲಿ ಬಹಳಷ್ಟು ಸಲ ಪೀಜೋ ಬಿಲ್ಲೆ ಇರುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಗುಜರಿ ಅಂಗಡಿಗಳಲ್ಲೂ ಟಿ.ವಿ. ರಿಪೇರಿ ಮಾಡುವವರಲ್ಲೂ ಕೇಳುವುದು ಮುಂದಿನ ದಾರಿ. ಅಲ್ಲಿ ‘ಪಿಕಪ್’ ಎಂದು ಕೇಳಿದರೆ ಗಿಟಾರಿನ ಸಾಮಾನೆಂದು ತಿಳಿದು ಇಲ್ಲವೆನ್ನಬಹುದು; ‘ಬಜರ್ ಒಳಗಿನ ಹಿತ್ತಾಳೆ ಬಿಲ್ಲೆ’ ಎಂದರೆ ಕೂಡಲೇ ಅರ್ಥವಾಗುತ್ತದೆ. ಹೊಸದೇ ಬೇಕಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬಿಡಿ ಬಿಲ್ಲೆಗಳು ಸಿಗುತ್ತವೆ. ಆನ್‌ಲೈನಿನಲ್ಲಿ ಒಂದೇ ಬಿಲ್ಲೆ ತರಿಸಿದರೆ ಅದರ ಬೆಲೆಗಿಂತ ಸಾಗಣೆ ವೆಚ್ಚವೇ ಮೀರಬಹುದಾದ್ದರಿಂದ, ವಾದ್ಯ ಮಾಡುವ ಗೆಳೆಯರು ಸೇರಿ ಹತ್ತಿಪ್ಪತ್ತನ್ನು ಒಟ್ಟಿಗೆ ತರಿಸಿಕೊಳ್ಳುವುದು ಲೇಸು.

ಅಳತೆಯಲ್ಲಿ 20, 27 ಮತ್ತು 35 ಮಿಲಿಮೀಟರ್ ವ್ಯಾಸದವು ಸಾಮಾನ್ಯ. ಮೊದಲ ಪ್ರಯತ್ನಕ್ಕೆ 27 ಮಿಲಿಮೀಟರಿನದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ: ಬೆಸುಗೆಗೆ ಸಾಕಷ್ಟು ಜಾಗವಿರುತ್ತದೆ, ಚಿಪ್ಪಿನ ಒಳಮೈಯಲ್ಲೂ ಕೂರುತ್ತದೆ. ಈಗಾಗಲೇ ತಂತಿ ಬೆಸೆದಿರುವ ಬಿಲ್ಲೆ ಸಿಕ್ಕರೆ ಒಂದೆರಡು ರೂಪಾಯಿ ಹೆಚ್ಚಾದರೂ ಕೊಳ್ಳಬೇಕು, ಏಕೆಂದರೆ ಸೆರಾಮಿಕ್ ಮೇಲೆ ಕಾವು ಹೆಚ್ಚು ಹೊತ್ತು ನಿಂತರೆ ಅದರ ಪೀಜೋ ಗುಣವೇ ಕುಂದುತ್ತದೆ. ಕೆಲವು ಬಿಲ್ಲೆಗಳಲ್ಲಿ ಸೆರಾಮಿಕ್ ಮೇಲಿನ ಬೆಳ್ಳಿ ಲೇಪದಲ್ಲಿ ನಾಲಿಗೆಯಂತೆ ಬೇರ್ಪಟ್ಟ ಸಣ್ಣ ಭಾಗವೊಂದಿದ್ದು ಮೂರು ತಂತಿಗಳಿರುತ್ತವೆ. ಆ ಮೂರನೆಯದನ್ನು ಬಿಟ್ಟು ಉಳಿದೆರಡನ್ನು ಬಳಸಿದರಾಯಿತು.

ಕಪ್ಪು ಡಬ್ಬಿಯ ಬಜರ್ ಕೊಳ್ಳುವಾಗ ಎಚ್ಚರ ಬೇಕು. ಕಂಪ್ಯೂಟರ್ ಬೋರ್ಡುಗಳಲ್ಲಿ ಕಾಣುವ ಪುಟ್ಟ ಉರುಟು ಬಜರ್‌ಗಳಲ್ಲಿ ಹೆಚ್ಚಿನವು ಸುರುಳಿ ಮತ್ತು ಅಯಸ್ಕಾಂತದಿಂದ ಕೆಲಸ ಮಾಡುವಂಥವು, ಅವು ನಮ್ಮ ಉಪಯೋಗಕ್ಕಲ್ಲ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ನೋಡಿದರೆ ಸುರುಳಿಯದು ಕೆಲವು ಹತ್ತು ಓಮ್ ತೋರಿಸುತ್ತದೆ, ಬಿಡಿ ಪೀಜೋ ಬಿಲ್ಲೆ ಮಂಡಲ ತೆರೆದಿರುವಂತೆ, ಅಂದರೆ ಏನನ್ನೂ ಜೋಡಿಸದಿರುವಂತೆ, ತೋರಿಸುತ್ತದೆ. ಬಿಲ್ಲೆ ಜೀವಂತವಾಗಿದೆಯೇ ಎಂದು ತಿಳಿಯಲು ಮೀಟರನ್ನು ಮಿಲಿವೋಲ್ಟ್‌ಗೆ ತಿರುಗಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಅಂಕಿ ಜಿಗಿದರೆ ಸರಿಯಾಗಿದೆ. ಡಬ್ಬಿಯಿಂದ ಬಿಲ್ಲೆ ಬಿಡಿಸುವಾಗ ಪ್ಲಾಸ್ಟಿಕ್ಕನ್ನು ಕತ್ತರಿಸಬೇಕೇ ಹೊರತು ಬಿಲ್ಲೆಯನ್ನು ಮೀಟಬಾರದು, ಬಾಗಿದರೆ ಸೆರಾಮಿಕ್ ಸೀಳುತ್ತದೆ. ಸಾಮಾನ್ಯವಾಗಿ ಈ ಸೆರಾಮಿಕ್‌ನಲ್ಲಿ ಸೀಸ ಇರುವುದರಿಂದ ಅದನ್ನು ಉಜ್ಜುವುದಾಗಲಿ, ಚೂರುಗಳನ್ನು ಮಕ್ಕಳ ಕೈಗೆ ಸಿಗುವಂತೆ ಬಿಡುವುದಾಗಲಿ ಸಲ್ಲದು.

ಅಗ್ಗದ ಬಿಲ್ಲೆಯ ದನಿ ತೆಳುವೆಂದು ದೂರುವವರು ಹಲವರು. ಬಹುಪಾಲು ಆ ದೋಷ ಬಿಲ್ಲೆಯದಲ್ಲ, ಅದನ್ನು ಸೇರಿಸುವ ಆಂಪ್ಲಿಫೈಯರಿನದು. 27 ಮಿಲಿಮೀಟರ್ ಬಿಲ್ಲೆಯ ಧಾರಕತೆ (ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯ) ಸುಮಾರು 20 ನ್ಯಾನೋಫ್ಯಾರಡ್. ಅದನ್ನು 10 ಕಿಲೋಓಮ್ ಒಳರೋಧವಿರುವ (ಒಳಬರುವ ವಿದ್ಯುತ್ತಿಗೆ ಒಡ್ಡುವ ತಡೆ) ಆಂಪ್ಲಿಫೈಯರ್ ಕಿಂಡಿಗೆ ಸಿಕ್ಕಿಸಿದರೆ 800 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕುಗ್ಗುತ್ತಾ ಹೋಗುತ್ತವೆ, ಅಂದರೆ ಏಕತಾರಿಯ ಶ್ರುತಿಯ ಮೂಲನಾದವೇ ಸೊರಗುತ್ತದೆ. ಒಳರೋಧ 1 ಮೆಗಾಓಮ್ ಇದ್ದರೆ ಆ ಎಲ್ಲೆ 8 ಹರ್ಟ್ಸ್‌ಗೆ ಇಳಿಯುತ್ತದೆ. ಭಜನಾ ಮಂಡಳಿಯ ಆಂಪ್ಲಿಫೈಯರಿನ ಮೈಕ್ ಕಿಂಡಿಗೆ ನೇರವಾಗಿ ಸೇರಿಸದೆ, ಗಿಟಾರ್ ಆಂಪ್ಲಿಫೈಯರನ್ನೋ, ಟಿಎಲ್072 ಐಸಿ ಮತ್ತು 9 ವೋಲ್ಟ್ ಬ್ಯಾಟರಿಯಿಂದ ಕಟ್ಟಿದ ಸಣ್ಣ ಬಫರನ್ನೋ (ಬಿಲ್ಲೆಗೆ ಹೆಚ್ಚಿನ ಒಳರೋಧ ಒದಗಿಸುವ ಸರ್ಕಿಟ್) ನಡುವೆ ಇಡಬೇಕು. ಬಿಲ್ಲೆಯಲ್ಲಿ ಉಳಿಸಿದ ಹಣವನ್ನು ಇಲ್ಲಿಗೂ ಒಳ್ಳೆಯ ಶೀಲ್ಡ್ ಕೇಬಲ್ಲಿಗೂ ಹಾಕುವುದು ಸಾರ್ಥಕ. ಕೇಬಲ್ಲಿನ ಹೊರಜಾಲರಿ ಹಿತ್ತಾಳೆಗೆ, ಒಳತಂತಿ ಬೆಳ್ಳಿ ಲೇಪಕ್ಕೆ. ಅದಲುಬದಲಾದರೆ ಕೈ ತಾಗಿದಾಗಲೆಲ್ಲ ಗುಂಯ್‌ಗುಡುತ್ತದೆ.

ಮಲೆನಾಡಿನ ಮಳೆಗಾಲದ ತೇವಕ್ಕೆ ಬೆಸುಗೆಯ ಸುತ್ತ ಪಾಚಿಬಣ್ಣ ಕಟ್ಟುವುದುಂಟು, ತೇವದ ಮೂಲಕ ವಿದ್ಯುತ್ ಸೋರಿ ದನಿಯೂ ಕ್ಷೀಣಿಸುತ್ತದೆ. ಬೆಸೆದ ಬಿಲ್ಲೆಯನ್ನು ಚೆನ್ನಾಗಿ ಒಣಗಿಸಿ, ಬೆಳ್ಳಿಯ ಮುಖ ಮತ್ತು ಅಂಚಿಗೆ ಎರಡು ಸಲ ಉಗುರುಬಣ್ಣ ಬಳಿಯಬೇಕು. ಅಂಟಿಸುವ ಮೊದಲು ತೆಳುವಾದ ಎರಡು ಬದಿಯ ಟೇಪಿನಿಂದ ಕುದುರೆಯ (ತಂತಿಯನ್ನು ಹೊರುವ ಆಸರೆ) ಅಡಿಯಲ್ಲಿ, ಪಕ್ಕದಲ್ಲಿ, ಚಿಪ್ಪಿನ ಒಳಗೆ ಹೀಗೆ ಹಲವೆಡೆ ಇಟ್ಟು ಕೇಳಿ, ತಂತಿಯ ನಾದ ತುಂಬಿ ಬರುವ ಜಾಗದಲ್ಲಿ ಅಂಟಿಸಬೇಕು. ದಪ್ಪ ಸ್ಪಂಜಿನ ಟೇಪು ಮೇಲಿನ ಸ್ವರಗಳನ್ನು ನುಂಗುವುದರಿಂದ ಅದು ಬೇಡ.