ಮಾರ್ಬಲ್ ನೆಲಕ್ಕೆ ನೀವೇ ಪಾಲಿಶ್ ಮಾಡಲು ಕಲಿಯುವುದಾದರೆ

ಮಾರ್ಬಲ್ ಮಂಕಾಯಿತು ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಪೌಡರ್ ಹಾಕಬೇಕು ಅಂತ. ಹೊಳಪು ಬರೀ ಪೌಡರ್‌ನಿಂದ ಬರುವುದಿಲ್ಲ. ಕಲ್ಲಿನ ಮೇಲಿನ ದೊಡ್ಡ ಗೀರುಗಳನ್ನು ಉಜ್ಜಿ ಸಣ್ಣ ಮಾಡಬೇಕು, ಸಣ್ಣದನ್ನು ಇನ್ನೂ ಸಣ್ಣ ಮಾಡಬೇಕು, ಕಣ್ಣಿಗೆ ಕಾಣದಷ್ಟು ಸಣ್ಣದಾದ ಮೇಲೆ ಕಲ್ಲು ತಾನಾಗಿ ಹೊಳೆಯುತ್ತದೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಕಲಿತಂತೆ.

ನಿಮ್ಮದು ಮಾರ್ಬಲ್ಲೇ ಹೌದಾ ಅಂತ ಮೊದಲು ನೋಡಿ. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಎರಡು ನಿಮಿಷಕ್ಕೆ ಒರೆಸಿ. ಅಲ್ಲಿ ಹೊಳಪು ಹೋಗಿದ್ದರೆ ಅದು ಮಾರ್ಬಲ್. ಗ್ರಾನೈಟ್‌ಗೆ ಏನೂ ಆಗುವುದಿಲ್ಲ. ಮಾರ್ಬಲ್ ಸುಣ್ಣದ ಜಾತಿಯ ಕಲ್ಲು, ಹುಳಿ ಬಿದ್ದರೆ ತಿಂದುಹೋಗುತ್ತದೆ. ಗಡಸುತನವೂ ಕಡಿಮೆ, ಮೋಸ್ ಅಳತೆಯಲ್ಲಿ ಸುಮಾರು 3, ಚಪ್ಪಲಿಗೆ ಅಂಟಿ ಬರುವ ಮರಳು 7. ಹಾಗಾಗಿ ಬಾಗಿಲ ಹತ್ತಿರವೇ ಗೀರು ಜಾಸ್ತಿ. ಇನ್ನು ದೇವರ ಮನೆ ಮುಂದೆ ಕೂತು ಹುಣಸೆಹಣ್ಣಲ್ಲಿ ಹಿತ್ತಾಳೆ ದೀಪ ಉಜ್ಜುತ್ತೀವಲ್ವಾ, ಅಲ್ಲಿ ಬಿಳಿ ಮಚ್ಚೆ ಬರುತ್ತದೆ. ಅದು ಕಲೆಯಲ್ಲ, ಕಲ್ಲಿನ ಮೇಲ್ಪದರ ಸವೆದಿರುವುದು. ಎಷ್ಟು ಒರೆಸಿದರೂ ಹೋಗದು, ಉಜ್ಜಲೇಬೇಕು.

ಕಲಿಯುವವರು ನೇರವಾಗಿ ಹಾಲ್‌ಗೆ ಕೈ ಹಾಕಬೇಡಿ. ಕಲ್ಲಿನ ಅಂಗಡಿಯಲ್ಲಿ ಉಳಿದ ತುಂಡು ಕೇಳಿ ತಂದು ಅದರ ಮೇಲೆ ಅಭ್ಯಾಸ ಮಾಡಿ. ಕೈಯಲ್ಲಿ ಹಿಡಿದು ಉಜ್ಜುವ ಡೈಮಂಡ್ ಪ್ಯಾಡ್ ಸಿಗುತ್ತದೆ, ಶುರುವಿಗೆ ಅದೇ ಸಾಕು. ಪ್ಯಾಡ್ ಮೇಲೆ ನಂಬರ್ ಇರುತ್ತದೆ, ನಂಬರ್ ಚಿಕ್ಕದಾದಷ್ಟು ಒರಟು, ದೊಡ್ಡದಾದಷ್ಟು ನಯ. ಹುಳಿ ಬಿದ್ದ ಮಚ್ಚೆಗೆ 400ರಿಂದ ಶುರು ಮಾಡಿ, ಉಗುರಿಗೆ ಸಿಗುವಷ್ಟು ಆಳದ ಗೀರಿದ್ದರೆ 100 ಅಥವಾ 200ರಿಂದ. 400 ಮುಗಿದ ಮೇಲೆ 800, 1500, 3000. ಕಂಪನಿಯಿಂದ ಕಂಪನಿಗೆ ನಂಬರ್ ಸ್ವಲ್ಪ ಆಚೀಚೆ ಇರುತ್ತದೆ, ಪರವಾಗಿಲ್ಲ. ಆದರೆ ಮಧ್ಯದ ನಂಬರ್ ಹಾರಿಸಬೇಡಿ. 200 ಬಿಟ್ಟ ಗೀರನ್ನು 1500 ತೆಗೆಯಲಾರದು, ಗಂಟೆಗಟ್ಟಲೆ ಉಜ್ಜಿದರೂ ಮಂಕು ಹಾಗೇ ಉಳಿಯುತ್ತದೆ.

ಉಜ್ಜುವಾಗ ನೀರು ಸದಾ ಇರಬೇಕು. ಒಣಗಿಸಿ ಉಜ್ಜಿದರೆ ಆ ಧೂಳು ಶ್ವಾಸಕ್ಕೆ ಕೆಟ್ಟದ್ದು, ಪ್ಯಾಡೂ ಹಾಳು. ಒಂದು ನಂಬರ್ ಮುಗಿದ ಮೇಲೆ ಬಿಳಿ ರಾಡಿಯನ್ನೆಲ್ಲ ಒರೆಸಿ ತೊಳೆಯಿರಿ, ಏಕೆಂದರೆ ಹಿಂದಿನ ಒರಟು ಕಾಳು ಒಂದೇ ಉಳಿದರೂ ಮುಂದಿನ ಸುತ್ತಲ್ಲಿ ಹೊಸ ಗೀರು ಎಳೆಯುತ್ತದೆ. ಪೂರ್ತಿ ಒಣಗಿದ ಮೇಲೇ ನೋಡಿ. ಒದ್ದೆ ಕಲ್ಲು ಯಾವಾಗಲೂ ಚೆನ್ನಾಗೇ ಕಾಣುತ್ತದೆ, ನಂಬಬೇಡಿ. ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಉಳಿದ ಗೀರೆಲ್ಲ ಎದ್ದು ಕಾಣುತ್ತದೆ. ನಂಬರ್ ಏರಿದಂತೆ ಉಜ್ಜುವ ಜಾಗವನ್ನು ಸುತ್ತಲೂ ಸ್ವಲ್ಪ ಅಗಲ ಮಾಡುತ್ತಾ ಹೋಗಿ, ಇಲ್ಲದಿದ್ದರೆ ಮಧ್ಯ ತಗ್ಗಾಗಿ ಅಂಚು ಉಂಗುರದ ಹಾಗೆ ಕಾಣುತ್ತದೆ.

ಕೈ ಪಳಗಿದ ಮೇಲೆ ಮೆಷಿನ್. ಕಬ್ಬಿಣ ಕತ್ತರಿಸುವ ಮಾಮೂಲಿ ಗ್ರೈಂಡರ್ ಬೇಡ, ಅದರ ವೇಗ ತುಂಬಾ ಜಾಸ್ತಿ, ನೀರಿಗೂ ಅಲ್ಲ. ವೇಗ ಕಡಿಮೆ ಮಾಡಬಹುದಾದ ವೆಟ್ ಪಾಲಿಶರ್, ಅಂದರೆ ನೀರು ಬಿಟ್ಟು ಉಜ್ಜುವ ಮೆಷಿನ್, ಬಾಡಿಗೆಗೆ ಸಿಕ್ಕರೆ ತನ್ನಿ. ಮನೆಯಲ್ಲಿ ಕರೆಂಟ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಇಲ್ಲದಿದ್ದರೆ ನೀರಿನ ಜೊತೆ ಮೆಷಿನ್ ಮುಟ್ಟಲೇಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ರಾಡಿಯನ್ನು ಮೋರಿಗೆ ಸುರಿಯಬೇಡಿ, ಒಳಗೆ ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳುತ್ತದೆ. ಬಕೆಟ್‌ನಲ್ಲಿ ತಳ ಕೂರಲು ಬಿಟ್ಟು ಮೇಲಿನ ನೀರು ಮಾತ್ರ ಚೆಲ್ಲಿ.

ಪಕ್ಕಪಕ್ಕದ ಕಲ್ಲು ಏರುತಗ್ಗಾಗಿದ್ದರೆ ಅದು ದೊಡ್ಡ ಮೆಷಿನ್‌ನವರ ಕೆಲಸ, ಅವರನ್ನೇ ಕರೆಸಿ. ಪಾಲಿಶ್‌ನವರು ಕೊನೆಗೆ ಹಾಕುವ ಪೌಡರ್‌ನಲ್ಲಿ ಹೆಚ್ಚಾಗಿ ಆಕ್ಸಾಲಿಕ್ ಆಸಿಡ್ ಇರುತ್ತದೆ. ಅದು ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೊಸಬರಿಗೆ ಅದರ ಸಹವಾಸ ಬೇಡ, 3000ಕ್ಕೆ ನಿಲ್ಲಿಸಿದರೂ ಒಳ್ಳೆಯ ಹೊಳಪು ಬರುತ್ತದೆ.

ಆಮೇಲೆ ನೀರಿಗೆ ಎರಡು ಹನಿ ಮೃದು ಸೋಪು ಹಾಕಿ ಒರೆಸಿದರೆ ಸಾಕು. ಬಾತ್‌ರೂಮ್ ಆಸಿಡ್, ವಿನೆಗರ್, ನಿಂಬೆ ಯಾವುದೂ ಬೇಡ, ಯಾರು ಹೇಳಿದರೂ ಬೇಡ. ದೀಪದ ಎಣ್ಣೆ ಇಳಿದು ಕಲೆಯಾಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಪ್ಲಾಸ್ಟಿಕ್ ತೆಗೆದು, ಪೂರ್ತಿ ಒಣಗಿದ ಮೇಲೆ ಒರೆಸಿ. ಹಳೇ ಕಲೆ ಒಂದೇ ಸಲಕ್ಕೆ ಹೋಗದು, ಮತ್ತೆ ಹಚ್ಚಿ.