ವಿಂಡೋ ಮುಚ್ಚಿದ್ರೂ ಇಎಕ್ಸ್‌ಇ ಸಾಯ್ತಿಲ್ವಾ? ಥ್ರೆಡ್ ನಿಲ್ಲಿಸೋದು ಹೀಗೆ
ಪೈಥಾನ್ ಪ್ರೋಗ್ರಾಂನ ಇಎಕ್ಸ್‌ಇ ಮಾಡೋ ಪೈಇನ್‌ಸ್ಟಾಲರ್‌ನಲ್ಲಿ ಪ್ಯಾಕ್ ಮಾಡಿದ್ರಿ, ಚೆನ್ನಾಗೇ ಓಡ್ತು, ಕ್ಲೋಸ್ ಒತ್ತಿದ್ರಿ, ವಿಂಡೋನೂ ಹೋಯ್ತು, ಆದ್ರೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದ್ರೆ ನಿಮ್ಮ ಇಎಕ್ಸ್‌ಇ ಇನ್ನೂ ಅಲ್ಲೇ ಕೂತಿದೆ, ಅದೂ ಒಂದಲ್ಲ ಎರಡು. ಎರಡಿರೋದು ತಪ್ಪಲ್ಲ ಬಿಡಿ, ಎಲ್ಲಾ ಒಂದೇ ಇಎಕ್ಸ್‌ಇಗೆ ತುಂಬೋ ಒನ್‌ಫೈಲ್ ಮೋಡ್‌ನಲ್ಲಿ ಮೊದಲನೇದು ಬೂಟ್‌ಲೋಡರ್, ಅದು ಟೆಂಪ್ ಫೋಲ್ಡರ್‌ನಲ್ಲಿ ಗಂಟು ಬಿಚ್ಚಿ ಎರಡನೇದನ್ನ ಶುರು ಮಾಡತ್ತೆ, ಇದು ಮುಗಿದ ಮೇಲೆ ಫೋಲ್ಡರ್ ಅಳಿಸಿ ತಾನೂ ಹೋಗತ್ತೆ. ಎರಡನ್ನೂ ಎಂಡ್ ಟಾಸ್ಕ್ ಮಾಡಿದ್ರೆ ಅಳಿಸೋರು ಯಾರೂ ಇರಲ್ಲ. ನಾನು ಹೀಗೇ ಕೊಲ್ತಾ ಕೊಲ್ತಾ ಟೆಂಪ್ ತುಂಬಾ ಅನಾಥ ಫೋಲ್ಡರ್ ಮಾಡಿಟ್ಟಿದ್ದೆ.

ಕಾರಣ ಸಿಂಪಲ್. ಥ್ರೆಡ್ ಅಂದ್ರೆ ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡೋ ಕೆಲಸ. ಮೇನ್ ಥ್ರೆಡ್ ಮುಗಿದ್ರೂ ಡೀಮನ್ (ಪೈಥಾನ್ ಮುಗಿಯುವಾಗ ಕಾಯದೇ ಬಿಟ್ಟುಬಿಡೋ ಥರದ್ದು) ಅಲ್ಲದ ಥ್ರೆಡ್ ಒಂದೇ ಒಂದು ಓಡ್ತಿದ್ರೂ ಪೈಥಾನ್ ಅದಕ್ಕೋಸ್ಕರ ಕಾಯತ್ತೆ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿ ಒತ್ತಿ ಸಾಯಿಸ್ತಿದ್ವಿ, ಹಂಗಾಗಿ ನಮಗೆ ಇದು ಗೊತ್ತೇ ಆಗ್ತಿರ್ಲಿಲ್ಲ.

ಯಾರನ್ನ ಕೇಳಿದ್ರೂ ಡೀಮನ್ ಟ್ರೂ ಮಾಡು ಅಂತಾರೆ. ಆಗತ್ತೆ, ಆದ್ರೆ ಥ್ರೆಡ್ ಎಲ್ಲಿದ್ರೆ ಅಲ್ಲೇ ಕಟ್, ಫೈಲ್ ಅರ್ಧ ಬರೆದಿದ್ರೆ ಅರ್ಧವೇ, ಕೊನೇಲಿ ಕ್ಲೀನ್ ಮಾಡೋ ಫೈನಲಿ ಬ್ಲಾಕ್ ಓಡತ್ತೆ ಅನ್ನೋ ಗ್ಯಾರಂಟಿನೂ ಇಲ್ಲ. ಡಿಸ್ಕಿಗೆ ಏನಾದ್ರೂ ಬರೆಯೋ ಥ್ರೆಡ್‌ಗೆ ನಾನಂತೂ ಹಾಕಲ್ಲ.

ಬದಲಿಗೆ ಥ್ರೆಡಿಂಗ್ ಮಾಡ್ಯೂಲ್‌ನಿಂದ ಒಂದು ಇವೆಂಟ್ ಮಾಡಿ, ಸ್ಟಾಪ್ ಅಂತ ಹೆಸರಿಡಿ. ಇದು ಥ್ರೆಡ್‌ಗಳು ನೋಡೋ ಒಂದು ಬಾವುಟ, ಸೆಟ್ ಮಾಡಿದ್ರೆ ಏರತ್ತೆ. ಲೂಪ್ ಒಳಗೆ ಟೈಮ್ ಸ್ಲೀಪ್ 60 ಅಂತಿದ್ರೆ ತೆಗೆದು ಸ್ಟಾಪ್ ವೇಟ್ 60 ಹಾಕಿ, ಅದು ಟ್ರೂ ಕೊಟ್ರೆ ಲೂಪಿಂದ ಹೊರಗೆ. ಸ್ಲೀಪ್ ಆದ್ರೆ ಪೂರ್ತಿ ನಿಮಿಷ ಮಲಗತ್ತೆ, ಇದು ಸೆಟ್ ಮಾಡಿದ ತಕ್ಷಣ ಏಳತ್ತೆ. ಕ್ಯೂ ಗೆಟ್‌ನಲ್ಲಿ, ಅಂದ್ರೆ ಸಾಲಿಗೆ ಮುಂದಿನ ಕೆಲಸ ಬರಲಿ ಅಂತ, ಕಾಯೋ ಥ್ರೆಡ್‌ಗಳಿಗೆ ಇವೆಂಟ್ ಕಾಣಲ್ಲ, ಆ ಕ್ಯೂಗೆ ತಲೆಗೊಂದು None ತಳ್ಳಿ, ಅದು ಸಿಕ್ರೆ ಥ್ರೆಡ್ ಹೊರಗೆ ಬರೋ ಹಾಗೆ ಬರೀರಿ. ನೆಟ್‌ವರ್ಕ್ ಸಾಕೆಟ್‌ನಲ್ಲಿ ಕಾಯೋದಿದ್ರೆ ಸಾಕೆಟ್‌ಗೆ ಟೈಮ್‌ಔಟ್ ಕೊಡಿ.

ಈಗ ಸೆಟ್ ಎಲ್ಲಿ ಮಾಡ್ಬೇಕು ಅನ್ನೋದು, ನಾನು ಒಂದು ಸಂಜೆ ಪೂರ್ತಿ ಕಳ್ಕೊಂಡಿದ್ದು ಇಲ್ಲೇ. ಪ್ರೋಗ್ರಾಂ ಮುಗಿಯುವಾಗ ನಾವು ಹೇಳಿದ ಫಂಕ್ಷನ್ ಕರೆಯೋ ಅಟ್‌ಎಕ್ಸಿಟ್‌ನಲ್ಲಿ ಹಾಕಿದ್ದೆ, ಹೆಸರೇ ಹಂಗಿದ್ಯಲ್ಲ. ಆದ್ರೆ ಪೈಥಾನ್ ಮೊದಲು ಥ್ರೆಡ್‌ಗಳಿಗೆ ಕಾಯತ್ತೆ, ಅಟ್‌ಎಕ್ಸಿಟ್ ಆಮೇಲೆ. ಅಂದ್ರೆ ಥ್ರೆಡ್ ಇವೆಂಟ್‌ಗೆ ಕಾಯ್ತಿದೆ, ಇವೆಂಟ್ ಸೆಟ್ ಮಾಡೋ ಫಂಕ್ಷನ್ ಥ್ರೆಡ್‌ಗೆ ಕಾಯ್ತಿದೆ, ನೀ ಮೊದಲು ನೀ ಮೊದಲು ಅಂತ ಇಬ್ರೂ ಬಾಗಿಲಲ್ಲೇ. ಹಂಗಾಗಿ ವಿಂಡೋ ಕ್ಲೋಸ್ ಹ್ಯಾಂಡ್ಲರ್‌ನಲ್ಲಿ ಸೆಟ್ ಮಾಡಿ, ವಿಂಡೋ ಓಡಿಸೋ ಮೇನ್‌ಲೂಪ್ ಸುತ್ತ ಟ್ರೈ ಇಟ್ಟು ಅದರ ಫೈನಲಿಯಲ್ಲೂ ಇನ್ನೊಂದ್ಸಲ ಮಾಡಿ, ಎರಡು ಸಲ ಆದ್ರೆ ನಷ್ಟ ಏನಿಲ್ಲ. ಆಮೇಲೆ ಥ್ರೆಡ್ ಮುಗಿಯೋ ತನಕ ಕಾಯೋ ಜಾಯಿನ್, 5 ಸೆಕೆಂಡ್ ಟೈಮ್‌ಔಟ್ ಜೊತೆ. ಜಾಯಿನ್ ಟೈಮ್‌ಔಟ್ ಆದ್ರೂ ಎರರ್ ಕೊಡಲ್ಲ, ಥ್ರೆಡ್ ಇನ್ನೂ ಬದುಕಿದ್ಯಾ ಅಂತ ಈಸ್ ಅಲೈವ್ ನೀವೇ ಕೇಳ್ಬೇಕು.

ಅಷ್ಟಾದ್ರೂ ಬದುಕಿದ್ರೆ ಕೊನೇ ಅಸ್ತ್ರ ಓಎಸ್ ಮಾಡ್ಯೂಲ್‌ನ ಅಂಡರ್‌ಸ್ಕೋರ್ ಎಕ್ಸಿಟ್, ಪ್ರೋಸೆಸ್‌ನ ಅಲ್ಲೇ ಮುಗಿಸಿಬಿಡತ್ತೆ. ಬಫರ್ ಫ್ಲಶ್ ಆಗಲ್ಲ, ಅಂದ್ರೆ ಮೆಮೊರಿಯಲ್ಲಿ ಉಳಿದ ಬರಹ ಫೈಲಿಗೆ ಹೋಗಲ್ಲ, ಅಟ್‌ಎಕ್ಸಿಟ್ ಓಡಲ್ಲ, ಆದ್ರೆ ಬೂಟ್‌ಲೋಡರ್ ಬೇರೆ ಪ್ರೋಸೆಸ್ ಆಗಿರೋದ್ರಿಂದ ಟೆಂಪ್ ಕ್ಲೀನ್ ಆಗತ್ತೆ. ಥ್ರೆಡ್ ಒಳಗಿಂದ ಸಿಸ್ ಎಕ್ಸಿಟ್ ಕರೆದ್ರೆ ಸಾಯೋದು ಆ ಥ್ರೆಡ್ ಮಾತ್ರ.

ಥ್ರೆಡ್‌ಪೂಲ್ (ಕೆಲಸ ಹಂಚಿಕೊಳ್ಳೋ ಥ್ರೆಡ್‌ಗಳ ಗುಂಪು) ಬಳಸೋರು ಶಟ್‌ಡೌನ್‌ಗೆ ಕ್ಯಾನ್ಸಲ್ ಫ್ಯೂಚರ್ಸ್ ಟ್ರೂ ಕೊಡಿ, ಇನ್ನೂ ಶುರುವಾಗದ ಕೆಲಸ ರದ್ದಾಗತ್ತೆ, ಪೈಥಾನ್ 3.9ರಿಂದ ಇದೆ, ಓಡ್ತಿರೋ ಕೆಲಸ ಅದಕ್ಕೂ ನಿಲ್ಲಲ್ಲ, ಅಲ್ಲೂ ಇವೆಂಟೇ ಬೇಕು.

ಇನ್ನೊಂದು, ಕಪ್ಪು ಕನ್ಸೋಲ್ ವಿಂಡೋ ಬರದ ನೋಕನ್ಸೋಲ್ ಬಿಲ್ಡ್‌ನಲ್ಲಿ, ಎರರ್ ಸಂದೇಶ ಹೋಗೋ ಸ್ಟ್ಯಾಂಡರ್ಡ್ ಎರರ್ None ಆಗಿರತ್ತೆ, ಥ್ರೆಡ್ ಬಿದ್ರೂ ಸದ್ದೇ ಬರಲ್ಲ. ಲಾಗಿಂಗ್‌ನ ಫೈಲಿಗೆ ಹಾಕಿ, ಫಾರ್ಮ್ಯಾಟ್‌ನಲ್ಲಿ ಥ್ರೆಡ್ ಹೆಸರು ಸೇರಿಸಿ. ಟೆಸ್ಟ್ ಮಾಡುವಾಗ ಸುಮ್ನೆ ಕೂತಿರೋ ಪ್ರೋಗ್ರಾಂ ಮುಚ್ಚಬೇಡಿ, ವರ್ಕರ್ ಫೈಲ್ ಬರೀತಿರೋವಾಗ್ಲೇ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡೂ ಹೋಯ್ತಾ ನೋಡಿ, ಆಮೇಲೆ ಆ ಫೈಲ್ ತೆಗೆದು ಕೊನೇ ಸಾಲು ಪೂರ್ತಿ ಇದ್ಯಾ ನೋಡಿ.